ಸಂತೆಗೆ ಸಾಲು ಹಾಕಿಸುವ ನೌಕರಿ

ನಮ್ಮ ಓಣಿಯ ಇಬ್ಬರು ಹುಡುಗರಿಗೆ ಊರುಗಳ ಯೋಜನೆ ಮಾಡುವ ಖಾತೆಯಲ್ಲಿ ನೌಕರಿ ಸಿಕ್ಕಿದೆ. ಹೊರಡುವ ಮುಂಚೆ ನನ್ನ ಕಾಲಿಗೆ ಬೀಳಲು ಬಂದಿದ್ದರು. ಬಿದ್ದು ಎದ್ದವರು ಸುಮ್ಮನೆ ಹೋಗಬೇಕೋ ಬೇಡವೋ, "ಅಜ್ಜಾರ, ನಿಜಾಮರ ಕಾಲದಾಗ ಮಸ್ಕಿನ ಪ್ಯಾಟಿ ಮಾಡಿದವರು ನೀವ ಅಂತಲ್ರೀ, ಹೆಂಗ ಮಾಡಿದ್ರಿ?" ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಮಸ್ಕಿ ಪೇಟೆಯಾಗದಂತೆ ನನ್ನ ಕೈಲಾದಷ್ಟು ದುಡಿದವನು ನಾನು. ಸರ್ಕಾರ ಅದಕ್ಕೇ ನನಗೆ ಸಂಬಳ ಕೊಡುತ್ತಿತ್ತು. ಸರ್ಕಾರಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೇ. ಅವತ್ತು ಹುಡುಗರಿಗೆ ಚಹಾ ಕುಡಿಸಿ ಕಳಿಸಿದೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಬಜಾರ ದರೋಗಾ ಆಗಿದ್ದೆ. ದರೋಗಾ ಎಂದರೆ ನಿಮಗೆ ಕುದುರೆ, ಕತ್ತಿ ನೆನಪಾಗಬಹುದು. ನನ್ನ ಹತ್ತಿರ ಇದ್ದದ್ದು ಒಂದು ಉದ್ದನೆಯ ಹಗ್ಗ, ಒಂದು ಬುಟ್ಟಿ ಸುಣ್ಣದ ಪುಡಿ, ಹಗ್ಗದ ಇನ್ನೊಂದು ತುದಿ ಹಿಡಿಯಲು ಒಬ್ಬ ಜವಾನ. ಸಂತೆಯ ದಿನ ಬೆಳಗ್ಗೆ ಹಗ್ಗ ಎಳೆದು ಸುಣ್ಣದ ಗೆರೆ ಹಾಕಿಸಬೇಕು. ಮಾರುವವರು ಆ ಗೆರೆಯ ಹಿಂದೆ ಸಾಲಾಗಿ ಕೂರುವಂತೆ ನೋಡಿಕೊಳ್ಳಬೇಕು. ಮೊದಲು ಕೋಳಿಗಳು ಬಂದು ಗೆರೆ ಕೆದರುತ್ತಿದ್ದವು. ಆಮೇಲೆ ಮೆಣಸಿನಕಾಯಿಯವಳು ಬಿಸಿಲು ಹತ್ತಿತೆಂದು ಗೆರೆ ದಾಟುತ್ತಿದ್ದಳು. ಅವಳು ದಾಟಿದಳೆಂದು ಬದನೆಕಾಯಿಯವನು ದಾಟುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಗೆರೆ ಎಲ್ಲಿತ್ತು ಎಂಬುದು ನನಗೇ ನೆನಪಿರುತ್ತಿರಲಿಲ್ಲ. ನಿವೃತ್ತನಾಗುವುದರೊಳಗೆ ಒಂದೇ ಒಂದು ಸಾಲು ನೆಟ್ಟಗೆ ನಿಂತದ್ದನ್ನು ನೋಡಬೇಕು ಎಂಬ ಆಸೆ ನನಗಿತ್ತು.

ಮೊದಲ ಕೆಲಸ ಲಿಂಗಸುಗೂರಿನಲ್ಲಿ. ಆ ಊರಿಗೆ ಆಗ ಹಳೆಯ ದೊಡ್ಡಸ್ತಿಕೆಯ ರೋಗ ಹತ್ತಿತ್ತು. ಹಿಂದೆ ಅಲ್ಲಿ ದಂಡಿನ ಛಾವಣಿ ಇತ್ತು, ಜಿಲ್ಲೆಯ ಕಚೇರಿಗಳಿದ್ದವು. ನಾನು ಹೋಗುವುದಕ್ಕೆ ಬಹಳ ಮೊದಲೇ ಎರಡೂ ಎದ್ದು ಹೋಗಿದ್ದವು. ಬಜಾರಿಗೆ ಮಾತ್ರ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ದರ್ಜಿಗಳು ಕೋಟಿನ ಗುಂಡಿಗಳನ್ನು ಗಾಜಿನ ಭರಣಿಗಳಲ್ಲಿ ತುಂಬಿಟ್ಟುಕೊಂಡು ಕಾಯುತ್ತಿದ್ದರು. ಊರಿನಲ್ಲಿ ಕೋಟು ಹಾಕುತ್ತಿದ್ದವರು ತಹಶೀಲ್ದಾರರು ಮತ್ತು ನಾನು. ಖಾಸಿಂ ಸಾಬ ಎಂಬ ಭಟ್ಟಿಯವನು ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ಸುಡುತ್ತಿದ್ದ. ಅವನ ಅಪ್ಪ ದಂಡಿನವರಿಗೆ ಸುಟ್ಟು ಸುಖವಾಗಿ ಬದುಕಿದ್ದನಂತೆ. ಈಗ ಜೋಳದ ರೊಟ್ಟಿ ತಿನ್ನುವ ಊರಿನಲ್ಲಿ ಡಬಲ್ ರೊಟ್ಟಿಯನ್ನು ಜ್ವರ ಬಂದವರಷ್ಟೇ ತಿನ್ನುತ್ತಿದ್ದರು.

"ಸಾಬರ, ವ್ಯಾಪಾರ ಹೆಂಗೈತಿ?" ಎಂದು ಒಮ್ಮೆ ಕೇಳಿದೆ.

"ಈ ವರ್ಷ ಜ್ವರ ಕಡಿಮಿ ಅದ, ದರೋಗಾ ಸಾಬ್," ಎಂದು ನಿಟ್ಟುಸಿರು ಬಿಟ್ಟ.

"ಮತ್ತ ಬ್ಯಾರೆ ಊರು ನೋಡಬಾರದೇನು?"

"ದಂಡು ತಿರುಗಿ ಬಂತಂದ್ರ? ಬಂದವರು ನನ್ನ ಎಲ್ಲಿ ಹುಡುಕ್ಯಾರು?"

ನಾನು ಹಗ್ಗ ಸುತ್ತಿಕೊಂಡು ಮುಂದೆ ನಡೆದೆ. ಬಜಾರನ್ನು ಕಟ್ಟುವುದಕ್ಕೂ ಕೆಡಿಸುವುದಕ್ಕೂ ದರೋಗಾ ಬೇಕಿಲ್ಲ, ಗಿರಾಕಿ ಸಾಕು ಎಂದು ನನಗೆ ಅಲ್ಲೇ ತಿಳಿಯಬೇಕಿತ್ತು. ಆದರೆ ಹೊಸ ನೌಕರಿ, ಹೊಸ ಕೋಟು, ತಿಳಿಯಲಿಲ್ಲ.

ಅಲ್ಲಿಂದ ನನ್ನನ್ನು ಮಸ್ಕಿಗೆ ಹಾಕಿದರು. ಮಸ್ಕಿಯ ಸಂತೆ ಆಗ ಹಳೇ ಅಗಸಿಯ, ಅಂದರೆ ಹೆಬ್ಬಾಗಿಲ ಒಳಗೆ, ಊರ ನಡುವೆ ನೆರೆಯುತ್ತಿತ್ತು. ಸಂತೆಕಲ್ಲೂರಿನಿಂದ, ಗುರುಗುಂಟೆಯಿಂದ ಬಂದ ಗಾಡಿಗಳು ಹಳ್ಳದ ಕಡೆ ಎತ್ತು ಬಿಚ್ಚುತ್ತಿದ್ದವು. ಗೋಡೆಗಳ ನೆರಳಿಗೆ ಬೆನ್ನು ಕೊಟ್ಟು ಮಾರುವವರು ಕೂರುತ್ತಿದ್ದರು. ಅಗಸಿಗೆ ಹತ್ತಿದ ಮನೆಯೇ ಉಪ್ಪಿನ ಹನುಮವ್ವನದು. ತನ್ನ ಮನೆಯ ಕಟ್ಟೆಯ ಮೇಲೆ ಉಪ್ಪಿನ ಚೀಲ ಇಟ್ಟುಕೊಂಡು ಕೂರುತ್ತಿದ್ದಳು. ಗಂಡ ಸತ್ತ ಮೇಲೆ ಆ ಉಪ್ಪಿನಲ್ಲೇ ಮಕ್ಕಳನ್ನು ಸಾಕಿದವಳು.

ಮಸ್ಕಿಯ ಸಂತೆಯಲ್ಲಿ ಉಪ್ಪಿನ ಬೋಣಿಗೆ ಆಗದೆ ಯಾರೂ ಚೀಲ ಬಿಚ್ಚುತ್ತಿರಲಿಲ್ಲ. ದಿನದ ಮೊದಲ ಮಾರಾಟ ಉಪ್ಪೇ ಆಗಬೇಕು, ಅದೂ ಆ ಮನೆತನದ ಕೈಯಿಂದ. ಹನುಮವ್ವ ಮೊದಲ ಗಿರಾಕಿಯ ಸೆರಗಿಗೆ ತುಂಬಿ ತುಳುಕುವ ಒಂದು ಪಾವು ಸುರಿಯುತ್ತಿದ್ದಳು, "ಬಿಚ್ರೆಪ್ಪಾ!" ಎಂದು ಕೂಗುತ್ತಿದ್ದಳು. ಆಗ ಒಮ್ಮೆಲೇ ಚೀಲಗಳು ಬಿಚ್ಚಿಕೊಳ್ಳುತ್ತಿದ್ದವು, ತಕ್ಕಡಿಗಳು ಏಳುತ್ತಿದ್ದವು. ಅವಳಿಗೆ ಮೊದಲು ಅವಳ ಅತ್ತೆ ಕೂಗುತ್ತಿದ್ದಳಂತೆ. ನಾನು ಎಷ್ಟು ಗೆರೆ ಹೊಡೆದರೂ ಸಂತೆ ನಡೆಯುತ್ತಿದ್ದದ್ದು ಆ ಕೂಗಿನ ಮೇಲೆ.

ಅಷ್ಟರಲ್ಲಿ ನಮ್ಮ ಖಾತೆಗೆ ಹೊಸ ಮೊಹತಮಿಮ್ ಸಾಹೇಬರು ಬಂದರು. ಅವರು ನಮ್ಮೆಲ್ಲರ ಮೇಲಿನ ಅಧಿಕಾರಿ, ಹೈದರಾಬಾದಿನವರು. ಒಳ್ಳೆಯ ಮನುಷ್ಯರೇ, ಆದರೆ ಅವರಿಗೆ ನಕ್ಷೆಯ ಹುಚ್ಚು. ಮಸ್ಕಿಗೆ ಕಾಲಿಡುವ ಮೊದಲೇ ಮಸ್ಕಿಯ ನಕ್ಷೆ ಬರೆಸಿ ತಂದಿದ್ದರು. ಹೊರಗಿನ ಸಡಕಿನ ಬದಿಗೆ ಒಂದು ಗಂಜು, ಅಂದರೆ ಕಲ್ಲಿನ ಕಟ್ಟೆಗಳ ಹೊಸ ಪೇಟೆ ಆಗಬೇಕು. ಹಳೇ ಸಂತೆ ಅಲ್ಲಿಗೆ ಸರಿಯಬೇಕು. ಕಟ್ಟೆಗಳೆಲ್ಲ ಸಡಕಿಗೆ ಮುಖ ಮಾಡಿದ್ದವು. ಸಡಕು ಇದ್ದದ್ದು ಮೂಡಲಿಗೆ.

"ಹುಜೂರ್, ಮುಂಜಾನಿ ಬಿಸಿಲು ಮಾರಾವರ ಕಣ್ಣಾಗ ಬೀಳತೈತಿ," ಎಂದೆ.

"ದರೋಗಾ, ಸಡಕಿನಾಗ ದೊಡ್ಡ ದೊಡ್ಡ ಅಫಸರರು ಮೋಟಾರದಾಗ ಹೋಗ್ತಾರ. ಅವರ ಕಣ್ಣಿಗೆ ಸಂತಿ ಕಾಣಬೇಕೋ, ಸಂತಿಯವರ ಬೆನ್ನು ಕಾಣಬೇಕೋ?" ಎಂದರು.

ಅವರ ಮಾತಿನಲ್ಲಿ ಹುಳುಕು ಹುಡುಕುವುದು ನನ್ನ ದರ್ಜೆಯವನ ಕೆಲಸವಾಗಿರಲಿಲ್ಲ. ಕಟ್ಟೆಗಳನ್ನು ಕಾಳಿನ ವ್ಯಾಪಾರಿಗಳಿಗೂ ಬಟ್ಟೆಯವರಿಗೂ ಹಂಚಿದ್ದಾಯಿತು. ನಡುವಿನ ದೊಡ್ಡ ಕಟ್ಟೆ ಕಾಳಿನವರಲ್ಲೇ ದೊಡ್ಡವರಾದ ಗಂಗಪ್ಪ ಸಾವುಕಾರರಿಗೆ ಬಂತು. ನಕ್ಷೆಯಲ್ಲಿ ಉಪ್ಪಿಗೆ ಜಾಗ ಇರಲಿಲ್ಲ. ನಾನು ತೋರಿಸಿದ್ದಕ್ಕೆ, "ಉಪ್ಪು ಏನು ಮಹಾ ವ್ಯಾಪಾರ?" ಎಂದು ಸಾಹೇಬರು ನಕ್ಷೆ ಮಡಚಿದರು.

ಗಂಜು ತೆರೆಯುವ ದಿನ ಬಂತು. ಚಪ್ಪರ, ತೋರಣ, ಕುರ್ಚಿಗಳು. ತಹಶೀಲ್ದಾರರು ಬಂದರು, ಸುತ್ತಲಿನ ಗೌಡರು, ಕುಲಕರ್ಣಿಗಳು ಬಂದರು. ನಾನು ಹಾಕಿಸಿದ ಗೆರೆ ಆ ಬೆಳಗ್ಗೆ ಕೋಳಿಗಳೂ ಗೌರವ ಕೊಡುವ ಹಾಗಿತ್ತು. ವ್ಯಾಪಾರಿಗಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಟ್ಟೆಯೇರಿ ಕೂತರು. ಗಾಡಿಗಳು ಬಂದವು, ಜನ ಬಂದರು. ಬಂದವರೆಲ್ಲ ಸುಮ್ಮನೆ ನಿಂತರು. ಚೀಲಗಳ ಬಾಯಿ ಕಟ್ಟಿದಂತೇ ಇತ್ತು.

"ಕ್ಯಾ ಹುವಾ? ಯಾಕ ಸುಮ್ಮ ಕುಂತಾರ?" ಎಂದು ಸಾಹೇಬರು ಕೇಳಿದರು.

"ಉಪ್ಪು ಬಂದಿಲ್ಲ, ಹುಜೂರ್," ಎಂದೆ.

ಸಾಹೇಬರು ಬುದ್ಧಿವಂತರು. ಕೂಡಲೇ ಮುಸಾಫಿರಖಾನೆಯ ಅಡುಗೆಯವನಿಂದ ಉಪ್ಪಿನ ಗಡಿಗೆ ತರಿಸಿದರು. ನನ್ನ ಜವಾನನನ್ನು ಒಂದು ಕಟ್ಟೆಯ ಮೇಲೆ ಕೂರಿಸಿದರು. ಸ್ವತಃ ಹೋಗಿ ಒಂದು ಹಿಡಿ ಕೊಂಡುಕೊಂಡು, "ಆಯ್ತು! ಶುರು ಮಾಡಿರಿ!" ಎಂದರು. ತಹಶೀಲ್ದಾರರು ಚಪ್ಪಾಳೆ ತಟ್ಟಿದರು. ಕುರ್ಚಿಯಲ್ಲಿ ಕೂತವರೆಲ್ಲ ತಟ್ಟಿದರು. ಒಂದು ಚೀಲವೂ ಬಿಚ್ಚಿಕೊಳ್ಳಲಿಲ್ಲ. ಸಂತೆಕಲ್ಲೂರಿನ ರೈತನೊಬ್ಬ ಬಹಳ ವಿನಯದಿಂದ ಕೈ ಮುಗಿದು ಹೇಳಿದ:

"ಸಾಹೇಬ್ರು ಉಪ್ಪು ತಗೊಂಡ್ರು, ಸಾಹೇಬ್ರ ಸಂತಿ ಆತ್ರೀ. ನಮ್ಮದಿನ್ನ ಆಗಬೇಕಲ್ರೀ."

ಸಾಹೇಬರ ಮುಖ ಕೆಂಪಾಯಿತು. ನನ್ನನ್ನು ಹಳೇ ಅಗಸಿಗೆ ಓಡಿಸಿದರು. ಹನುಮವ್ವ ತನ್ನ ಕಟ್ಟೆಯ ಮೇಲೆ ಒಬ್ಬಳೇ ಕೂತು ಅಡಿಕೆ ಕತ್ತರಿಸುತ್ತಿದ್ದಳು. ನಾನು ಬರುತ್ತೇನೆಂದು ಅವಳಿಗೆ ಗೊತ್ತಿದ್ದಂತಿತ್ತು.

"ಯವ್ವಾ, ಬಾರವ್ವಾ. ಅಲ್ಲಿ ಎಲ್ಲಾರೂ ಕಾಯಾಕತ್ತಾರ," ಎಂದೆ.

"ನನ್ನ ಕಟ್ಟಿ ಇಲ್ಲೈತಿ, ದರೋಗಪ್ಪ. ಅಲ್ಲಿ ನನಗ ಯಾವ ಜಾಗ ಐತಿ?"

"ಏನ್ ಕೇಳ್ತೀ ಕೇಳು, ಸಾಹೇಬರಿಗೆ ಹೇಳ್ತೀನಿ."

"ನನಗ ಕಲ್ಲಿನ ಕಟ್ಟಿ ಬ್ಯಾಡ. ನಡುವಿನ ಕಟ್ಟಿ ಮುಂದ ಒಂದು ಚೀಲದಷ್ಟು ನೆಲ ಸಾಕು. ಆದ್ರ ಅಲ್ಲಿಂದ ನನ್ನ ಯಾರೂ ಎಬ್ಬಸಬಾರದು. ಹಂಗಂತ ಸಾಹೇಬ್ರು ಎಲ್ಲಾರ ಮುಂದ ಹೇಳಬೇಕು. ಇದ್ದ ಕಟ್ಟಿ ಬಿಟ್ಟು ಬರಾಕಿ ನಾನು."

ಸಾಹೇಬರು ಎಲ್ಲರ ಮುಂದೆ ಹೇಳಿದರು. ಆ ಹೊತ್ತಿನಲ್ಲಿ ಅವಳು ಚಾರ್‌ಮಿನಾರ್ ಕೇಳಿದ್ದರೂ ಕೊಡುತ್ತಿದ್ದರು. ಗಂಗಪ್ಪ ಸಾವುಕಾರರು, "ನನ್ನ ಕಟ್ಟಿ ಮುಂದ ಹನುಮವ್ವ ಕುಂತ್ರ ಅದು ನನ್ನ ಪುಣ್ಯ," ಎಂದು ಸಾರಿದರು. ಹನುಮವ್ವ ನೆಲದ ಮೇಲೆ ಚೀಲ ಇಟ್ಟಳು, ಒಂದು ಪಾವು ಸುರಿದಳು, "ಬಿಚ್ರೆಪ್ಪಾ!" ಎಂದಳು. ಗಂಜು ಒಮ್ಮೆಲೇ ಗಿಜಿಗುಟ್ಟಿತು. ಅರ್ಧ ತಾಸಿನಲ್ಲಿ ನನ್ನ ಗೆರೆ ಅಳಿಸಿಹೋಯಿತು. ಮೇಲಿನವರಿಗೆ ಹೋದ ವರದಿಯಲ್ಲಿ ಸಂತೆಯನ್ನು ತಹಶೀಲ್ದಾರರು ಉದ್ಘಾಟಿಸಿದರು ಎಂದಿತ್ತು.

ಆಮೇಲೆ ಮಸ್ಕಿ ಬೆಳೆದ ರೀತಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಮೋಟಾರು ಮಸ್ಕಿಗೆ ಬರುವಷ್ಟರಲ್ಲಿ ಕುದಿಯುತ್ತಿತ್ತು. ಸಾಹೇಬರು ಮೋಟಾರು ನಿಲ್ಲಲು ಬೇರೆ ಕಡೆ ಚಂದದ ಅಡ್ಡೆ ಕಟ್ಟಿಸಿ ಫಲಕ ಬರೆಸಿದ್ದರು. ಅಲ್ಲಿ ನೀರಿರಲಿಲ್ಲ. ಗಂಜಿನ ಬಾವಿಯ ಹತ್ತಿರ ನೀರಿತ್ತು, ಆದ್ದರಿಂದ ಮೋಟಾರು ಅಲ್ಲೇ ನಿಂತಿತು. ಮೋಟಾರು ತಣ್ಣಗಾಗುವತನಕ ಒಳಗಿನವರು ಇಳಿದು ನಿಲ್ಲಲೇಬೇಕು, ನಿಂತವರಿಗೆ ಬಾಯಾಡಿಸಲು ಏನಾದರೂ ಬೇಕೇ ಬೇಕು. ಒಬ್ಬ ಚಹಾ ಇಟ್ಟ. ಒಬ್ಬ ಇದ್ದಿಲು ಮಾರಲು ಕೂತ. ಒಂದು ದಿನ ನೋಡಿದರೆ ಖಾಸಿಂ ಸಾಬ ಲಿಂಗಸುಗೂರಿನಿಂದ ಭಟ್ಟಿ ಸಮೇತ ಬಂದಿದ್ದ. ಚಹಾದಲ್ಲಿ ಅದ್ದಿ ತಿನ್ನಲು ಡಬಲ್ ರೊಟ್ಟಿ!

"ಮತ್ತ ದಂಡು ಬಂದ್ರ, ಸಾಬರ?" ಎಂದು ಕೆಣಕಿದೆ.

"ಇದಽ ದಂಡು," ಎಂದು ಮೋಟಾರಿನ ಜನರನ್ನು ತೋರಿಸಿದ. "ಇದಕ್ಕ ಜ್ವರ ಬರೂತನಕ ಕಾಯೋದು ಬ್ಯಾಡ."

ವಾರಕ್ಕೊಮ್ಮೆಯ ಸಂತೆಯ ಜೊತೆಗೆ ದಿನಬೆಳಗಾದರೆ ಬಜಾರೂ ಆಯಿತು. ಇಡೀ ಊರು ಎದ್ದು ತಿರುಗಿ ಕೂತಿತು. ಅಗಸಿಯೊಳಗಿನ ಓಣಿಗೆ ಬಾಗಿಲಿದ್ದ ಮನೆಗಳವರು ಹಿಂದಿನ ಗೋಡೆ ಒಡೆದು ಸಡಕಿನ ಕಡೆ ಬಾಗಿಲು ಇಟ್ಟರು. ತಲಬಾಗಿಲು ಹಿತ್ತಿಲ ಬಾಗಿಲಾಯಿತು. ದನ ಕಟ್ಟುವ ಕಡೆ ಅಂಗಡಿ, ದೇವರ ಕೋಣೆಯಿದ್ದ ಕಡೆ ದನ. ಸಡಕೆಂದರೆ ಕಳ್ಳರಿಗೆ ಹಾದಿ ಎಂದು ಮೊದಲು ಬೈದಿದ್ದ ಗೌಡರೇ ಎಲ್ಲರಿಗಿಂತ ಮುಂಚೆ ಗೋಡೆ ಒಡೆದರು. ಹಳೇ ಅಗಸಿಯ ಕಡೆ ಹುಲ್ಲು ಬೆಳೆಯಿತು. ಅಲ್ಲಿಯ ಬಳೆಗಾರ, ಕುಂಬಾರ ಗಿರಾಕಿಯಿಲ್ಲದೆ ಬಾಡಿಹೋದರು. ಅವರಿಗೆ ಗಂಜಿನಲ್ಲಿ ಜಾಗ ಕೊಡಿಸಲು ನನ್ನಿಂದ ಆಗಲಿಲ್ಲ. ಅದನ್ನು ಯಾರೂ ವರದಿ ಮಾಡಲಿಲ್ಲ.

ನಡುವೆ ನನ್ನನ್ನು ಕೆಲವು ಕಾಲ ಸಿಂಧನೂರಿಗೆ ಹಾಕಿದ್ದರು. ಅಲ್ಲಿ ನೋಡಿದ್ದು ಇನ್ನೂ ವಿಚಿತ್ರ. ತುಂಗಭದ್ರೆಗೆ ಒಡ್ಡು ಹಾಕುತ್ತಾರೆ, ಕಾಲುವೆ ಬರುತ್ತದೆ ಎಂಬ ಸುದ್ದಿ ಆಗಷ್ಟೇ ಹಬ್ಬಿತ್ತು. ಕಾಲುವೆ ಎಲ್ಲಿ ಬರುತ್ತದೆ ಎಂಬುದು ದೇವರಿಗೂ ಗೊತ್ತಿರಲಿಲ್ಲ, ಸಿಂಧನೂರಿನ ವ್ಯಾಪಾರಿಗಳಿಗೆ ಗೊತ್ತಿತ್ತು. ಒಬ್ಬ ಬಟಾಬಯಲಿಗೆ ಮುಖ ಮಾಡಿ ತಗಡಿನ ಅಂಗಡಿಗಳ ಸಾಲು ಎಬ್ಬಿಸಿದ್ದ. "ಇಲ್ಲಿ ಯಾರು ಬರ್ತಾರೋ?" ಎಂದರೆ, "ನೀರು ಬರತೈತ್ರೀ, ಮುಂದ ನೀರಿನ ಹಿಂದ ಜನ," ಎನ್ನುತ್ತಿದ್ದ. ಅವನ ಅಂಗಡಿಗಳಲ್ಲಿ ಆಗ ಆಡುಗಳು ಮಲಗುತ್ತಿದ್ದವು. ಒಣ ಭೂಮಿಯ ಬೆಲೆ ಮಾತ್ರ ಬಾಯಿಮಾತಿನಲ್ಲೇ ಏರುತ್ತ ಹೋಯಿತು. ನಾನು ಬಯಲಿಗೆ ಹಗ್ಗ ಎಳೆದು ಗೆರೆ ಹೊಡೆಸುತ್ತಿದ್ದೆ. ಅಳಿಸಲು ಯಾರೂ ಇಲ್ಲದ ಗೆರೆಯನ್ನು ನೋಡಿದರೆ ಬೇಸರವಾಗುತ್ತಿತ್ತು.

ಮಸ್ಕಿಗೆ ತಿರುಗಿ ಬಂದಾಗ ಗಂಗಪ್ಪ ಸಾವುಕಾರರ ಕಟ್ಟೆ ದೊಡ್ಡ ಅಂಗಡಿಯಾಗಿತ್ತು. ಗಾಜಿನ ಕಪಾಟು, ಮೇಲೆ ಫಲಕ. ಅಂಗಡಿಯ ಮುಂದೆ ಅದೇ ನೆಲದ ಮೇಲೆ ಹನುಮವ್ವ, ಅದೇ ಚೀಲ. ಈಗ ಉಪ್ಪು ಸಾವುಕಾರರ ಅಂಗಡಿಯಲ್ಲೂ ಸಿಗುತ್ತಿತ್ತು. ಬೋಣಿಗೆಗೆ ಕಾಯುವವರು ಹಳ್ಳಿಯವರು ಮಾತ್ರ. ಸಾವುಕಾರರು ನನ್ನನ್ನು ಒಳಗೆ ಕರೆದು ಕೂರಿಸಿ, "ದರೋಗಾ ಸಾಹೇಬ್ರ, ದೊಡ್ಡ ಗಿರಾಕಿ ಬರ್ತಾರ. ಬಾಗಲದಾಗಽ ಚೀಲ. ಇಷ್ಟು ಬೆಳದ ಊರಿಗೆ ಇದು ಶೋಭಾ ಏನ್ರೀ?" ಎಂದರು. ಅವರ ಪುಣ್ಯ ಅಷ್ಟು ಬೇಗ ತೀರಿತ್ತು.

ವ್ಯಾಪಾರಿಗಳೆಲ್ಲ ಕೂಡಿ ಸಾಹೇಬರಿಗೆ ಅರ್ಜಿ ಕೊಟ್ಟರು. ಸಾಹೇಬರು ಹೊಸ ನಕ್ಷೆಯೊಂದಿಗೆ ಬಂದು, ಸಡಕು ಅಗಲವಾಗಬೇಕು, ಅಂಗಡಿಗಳ ಮುಂದೆ ಯಾರೂ ಕೂರಬಾರದು, ಗಾಡಿಗಳೂ ನಿಲ್ಲಬಾರದು ಎಂದು ಹುಕುಂ ಮಾಡಿದರು. ಹನುಮವ್ವ ಎದ್ದು ನಿಂತು ಕೈ ಮುಗಿದಳು.

"ಸಾಹೇಬ್ರ, ಎಲ್ಲಾರ ಮುಂದ ಮಾತು ಕೊಟ್ಟಿದ್ರಿ. ಎಬ್ಬಸಂಗಿಲ್ಲ ಅಂದಿದ್ರಿ."

ಸಾಹೇಬರಿಗೆ ನೆನಪಿತ್ತು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಕ್ಷೆ ಮಡಚುತ್ತ ಹೇಳಿದರು:

"ಕೊಟ್ಟಿದ್ದೆ, ಅವ್ವಾ. ಅದು ಸಂತಿಗೆ ಕೊಟ್ಟ ಮಾತು. ಇದು ಈಗ ಶಹರ."

ಹನುಮವ್ವ ಗಂಗಪ್ಪನವರ ಕಡೆ ನೋಡಿದಳು. ಅವರು ಕಪಾಟಿನ ಗಾಜು ಒರೆಸುತ್ತಿದ್ದರು. ಅವಳು ಚೀಲದ ಬಾಯಿ ಕಟ್ಟಿದಳು. ಎತ್ತಿಕೊಡಲು ನಾನು ಬಗ್ಗಿದರೆ, "ಬಿಡು, ದರೋಗಪ್ಪ. ನಿನ್ನ ಕೋಟಿಗೆ ಉಪ್ಪು ಹತ್ತೀತು," ಎಂದಳು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಅವಳ ಕೂಗಿನ ಮೇಲೆ ಹುಟ್ಟಿದ ಪೇಟೆ ಅವಳಿಗೇ ಜಾಗವಿಲ್ಲವೆಂದಿತು. ಅದನ್ನು ಹೇಳುವ ಕೆಲಸಕ್ಕೆ ನಾನು ಕೋಟು ಹಾಕಿಕೊಂಡು ನಿಂತಿದ್ದೆ.

ಮುಂದಿನ ಸಂತೆ ಬಿದ್ದುಹೋಯಿತು. ಅದರ ಮುಂದಿನದೂ ಹಾಗೇ. ಗಾಡಿ ನಿಲ್ಲಿಸಬಾರದೆಂದರೆ ಗಾಡಿಯವರು ಹೇಗೆ ಬಂದಾರು? ಗುರುಗುಂಟೆಯವರು ಲಿಂಗಸುಗೂರಿಗೆ ಗಾಡಿ ಹೊಡೆದರು. ಇಷ್ಟು ಸರಳ ಕಾರಣ ಮಸ್ಕಿಯ ಒಬ್ಬ ವ್ಯಾಪಾರಿಗೂ ಹೊಳೆಯಲಿಲ್ಲ. ಗಾಜಿನ ಕಪಾಟಿನ ಹಿಂದೆ ಕೂತು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತಿತ್ತು: ಉಪ್ಪಿನ ಬೋಣಿಗೆ ಆಗಿಲ್ಲ. ಬಾಯಿಬಿಟ್ಟು ಹೇಳುವುದು ಹೇಗೆ? ಅವರು ಈಗ ಶಹರದವರು.

ಮೊದಲು ಹೋದವರು ಗಂಗಪ್ಪನವರೇ. ಸಂತೆಯ ದಿನ ಬೆಳಗ್ಗೆ ತಲೆಯ ಮೇಲೆ ಪಂಚೆ ಹೊದ್ದು, ಹಿತ್ತಿಲ ಬಾಗಿಲಿನಿಂದ ಅಂದರೆ ತಮ್ಮ ಹಳೆಯ ತಲಬಾಗಿಲಿನಿಂದ ಹೊರಬಿದ್ದು, ಅಗಸಿಗೆ ಹೋಗಿ, ತನ್ನ ಹಳೇ ಕಟ್ಟೆಗೆ ಮರಳಿದ್ದ ಹನುಮವ್ವನಿಂದ ಒಂದು ಪಾವು ಉಪ್ಪು ತಂದರು. ತಂದದ್ದನ್ನು ಬಟ್ಟೆಯ ವ್ಯಾಪಾರಿ ನೋಡಿದ. ಮುಂದಿನ ಸಲ ಅವನೂ ಹೋದ. ಕೊನೆಗೆ ಎಲ್ಲರೂ ಪಂಚೆ ಹೊದ್ದುಕೊಂಡು, ಯಾರನ್ನೂ ಯಾರೂ ನೋಡಲಿಲ್ಲವೆಂಬಂತೆ ಹನುಮವ್ವನ ಕಟ್ಟೆಯ ಮುಂದೆ ನಿಲ್ಲತೊಡಗಿದರು. ಇಷ್ಟು ಸಾವುಕಾರರು ಬಂದು ನಿಂತ ಮೇಲೆ ಕೇಳಬೇಕೇ? ಬಳೆಗಾರ ಪೆಟ್ಟಿಗೆ ತೆರೆದ. ಕುಂಬಾರ ಗಡಿಗೆ ಜೋಡಿಸಿದ. ಹಳ್ಳದ ಕಡೆ ಗಾಡಿಗಳು ಎತ್ತು ಬಿಚ್ಚಿದವು. ಅಲ್ಲಿ ನಿಲ್ಲಬಾರದೆಂದು ಯಾವ ಹುಕುಮೂ ಇರಲಿಲ್ಲ. ಖಾಸಿಂ ಸಾಬ ಬುಟ್ಟಿಯಲ್ಲಿ ಡಬಲ್ ರೊಟ್ಟಿ ಕಳಿಸಿದ.

ಗಂಜು ಬಣಗುಟ್ಟುತ್ತಿದೆ, ಅಗಸಿಯಲ್ಲಿ ಜನ ಹಿಡಿಸುತ್ತಿಲ್ಲ ಎಂಬ ಸುದ್ದಿ ಮೇಲಿನವರಿಗೆ ಮುಟ್ಟಿ, ಸಾಹೇಬರು ಮೋಟಾರಿನಲ್ಲಿ ಬಂದರು. ಹನುಮವ್ವನನ್ನು ಗಂಜಿಗೆ ತಿರುಗಿ ಕರೆತರುವುದೆಂದು ನಿಶ್ಚಯಿಸಿದ್ದರು. ಅವಳಿಗೊಂದು ಕಲ್ಲಿನ ಕಟ್ಟೆಯನ್ನು ನಕ್ಷೆಯಲ್ಲಿ ಗುರುತು ಮಾಡಿಯೇ ತಂದಿದ್ದರು. ಮೋಟಾರು ಅಗಸಿಯೊಳಗೆ ಹಿಡಿಯಲಿಲ್ಲ. ಇಳಿದು ನಡೆದು ಬಂದರು, ಹಿಂದೆ ನಾನು.

ಹನುಮವ್ವ ಚೀಲದ ಬಾಯಿ ಬಿಚ್ಚುತ್ತಿದ್ದಳು. ಸಾಹೇಬರು ಮಾತು ಶುರು ಮಾಡುವಷ್ಟರಲ್ಲಿ ಕೈ ಎತ್ತಿದಳು.

"ಬೋಣಿಗಿ ಆಗೂತನಕ ಮಾತಿಲ್ರೀ, ಸಾಹೇಬ್ರ. ಮೊದಲು ಬಂದವರು ನಿಂತಾರ. ನೀವು ಹಿಂದ ನಿಲ್ರಿ, ಗಂಗಪ್ಪ ಸಾವುಕಾರ್ರ ಹಿಂದ."

ಸಾಹೇಬರು ನನ್ನ ಮುಖ ನೋಡಿದರು. ಅವಳು ಕೂತಿದ್ದದ್ದು ಅವಳ ಸ್ವಂತ ಕಟ್ಟೆ, ಸರ್ಕಾರದ ಒಂದು ಗೇಣು ನೆಲವೂ ಅಲ್ಲಿರಲಿಲ್ಲ. ನಾನು ಸುಮ್ಮನೆ ಆಕಾಶ ನೋಡಿದೆ. ಸಾಹೇಬರು ಹೋಗಿ ಗಂಗಪ್ಪನವರ ಹಿಂದೆ ನಿಂತರು. ಗಂಗಪ್ಪನವರು ಪಂಚೆಯನ್ನು ಇನ್ನಷ್ಟು ಮುಖಕ್ಕೆ ಎಳೆದುಕೊಂಡರು. ಸಾಹೇಬರ ಹಿಂದೆ ಬಂದವರು ಸಾಹೇಬರಿದ್ದಾರೆಂದು ಮೈ ಸೆಟೆದು ನಿಂತರು. ಹಗ್ಗವಿಲ್ಲ, ಸುಣ್ಣವಿಲ್ಲ. ನನ್ನ ನೌಕರಿಯಲ್ಲಿ ನಾನು ನೋಡಿದ ನೆಟ್ಟನೆಯ ಸಾಲು ಅದೊಂದೇ.

ಬೋಣಿಗೆಯಾಯಿತು, "ಬಿಚ್ರೆಪ್ಪಾ!" ಎಂಬ ಕೂಗು ಅಗಸಿ ತುಂಬ ಕೇಳಿತು, ಸಾಲು ಸರಿಯಿತು, ಸಾಹೇಬರ ಪಾಳಿ ಬಂತು. ನಕ್ಷೆ ಬಿಡಿಸಿ, ಕೆಂಪು ಪೆನ್ಸಿಲಿನ ಗುರುತು ತೋರಿಸಿ, "ಹನುಮವ್ವ, ಇದು ನಿನ್ನ ಕಟ್ಟಿ. ಈ ಸಲ ಕಲ್ಲಿನದು. ಗಂಜಿಗೆ ಬಾ," ಎಂದರು.

ಹನುಮವ್ವ ನಕ್ಷೆಯ ಕಡೆ ನೋಡಲೂ ಇಲ್ಲ. ಪಾವು ತುಂಬಿದಳು.

"ಸಂತಿ ಕರದಾಗ ಬಂದಿದ್ದೆ, ಸಾಹೇಬ್ರ. ಶಹರಕ್ಕ ಉಪ್ಪು ಬೇಕಾದ್ರ ಶಹರನ ಇಲ್ಲಿಗೆ ಬರಲಿ. ಎದರಾಗ ಹಾಕ್ಲಿ, ಹೇಳ್ರಿ?"

ಸಾಹೇಬರ ಹತ್ತಿರ ಚೀಲವಿರಲಿಲ್ಲ. ಹಿಂದೆ ನಿಂತವರು ಕೆಮ್ಮಿದರು. ಆಮೇಲೆ ಆ ನಕ್ಷೆಯನ್ನೇ ಪೊಟ್ಟಣದಂತೆ ಮಡಚಿ ಪಾವಿನ ಕೆಳಗೆ ಹಿಡಿದರು.